11 ಕೆವಿ ಪಾಲಿಮರ್ ಡಿಸ್ಕ್ ಇನ್ಸುಲೇಟರ್: ಕಡಲ ಬದಿಗೆ ಆದೀತೇ?

ಮಲ್ಪೆಯ ಐಸ್ ಪ್ಲಾಂಟಿನವರು, ಬೈಕಂಪಾಡಿಯ ಕಾರ್ಖಾನೆಯವರು ಡಿಪಿ ಸ್ಟ್ರಕ್ಚರಿನ (ಎರಡು ಕಂಬ ಜೋಡಿಸಿದ ಚೌಕಟ್ಟಿನ) ಪಿಂಗಾಣಿ ಡಿಸ್ಕ್ ಇನ್ಸುಲೇಟರ್, ಅಂದರೆ ತಂತಿಯ ಕರೆಂಟ್ ಕಂಬಕ್ಕೆ ಹರಿಯದಂತೆ ತಡೆಯುವ ಬಿಲ್ಲೆ, ತೆಗೆದು ಸಿಲಿಕೋನ್ ರಬ್ಬರಿನ ಪಾಲಿಮರ್ ಇನ್ಸುಲೇಟರ್ ಹಾಕಿಸಬಹುದೇ? ಧಾರಾಳವಾಗಿ. ಆದರೆ ಅಂಗಡಿಯವರು ಎತ್ತಿ ಕೊಟ್ಟದ್ದನ್ನೇ ತರಬೇಡಿ.

ನಮ್ಮ ಕರಾವಳಿಯಲ್ಲಿ ಉಪ್ಪಿನಿಂದ ಫ್ಲ್ಯಾಶ್‌ಓವರ್ (ಇನ್ಸುಲೇಟರಿನ ಮೇಲ್ಮೈಗುಂಟ ಕರೆಂಟ್ ಕಿಡಿಯಾಗಿ ಹಾಯುವುದು) ಆಗುವ ಕಾಲ ಜುಲೈಯ ಜಡಿಮಳೆಯಲ್ಲ. ಆ ಮಳೆ ಉಪ್ಪನ್ನು ತೊಳೆದುಬಿಡುತ್ತದೆ. ಕಾಟ ಕೊಡುವುದು ಚಳಿಗಾಲದ ಮುಂಜಾನೆಯ ಇಬ್ಬನಿ, ಮೇ ತಿಂಗಳ ಮೊದಲ ತುಂತುರು. ಕೂತ ಉಪ್ಪು ಒದ್ದೆಯಾದಾಗ ಮೇಲ್ಮೈಯಲ್ಲಿ ಕರೆಂಟ್ ಸೋರುತ್ತದೆ. ಆ ಬಿಸಿಗೆ ಅಲ್ಲಲ್ಲಿ ಪಟ್ಟಿಯಂತೆ ಒಣಗುತ್ತದೆ, ವೋಲ್ಟೇಜಿನ ಬಹುಪಾಲು ಆ ಸಣ್ಣ ಜಾಗದ ಮೇಲೇ ಬಿದ್ದು ಕಿಡಿ ಹೊತ್ತುತ್ತದೆ. ಕಿಡಿ ಬೆಳೆದು ತುದಿಯಿಂದ ತುದಿಗೆ ಮುಟ್ಟಿದರೆ ಫೀಡರ್ ಟ್ರಿಪ್, ಅಂದರೆ ಆ ಲೈನಿನ ಕರೆಂಟೇ ಕಡಿತ. ಪಣಂಬೂರು ಕಡೆ ಧೂಳೂ ಸೇರಿ ತೇವವನ್ನು ಹಿಡಿದಿಡುತ್ತದೆ.

ಹೊಸ ಸಿಲಿಕೋನಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಹನಿಯಾಗಿಯೇ ಉಳಿಯುತ್ತದೆ. ರಬ್ಬರಿನೊಳಗಿನ ಎಣ್ಣೆಯಂಥ ಅಂಶ ಮೇಲಿನ ಕೊಳೆಗೂ ಜಿನುಗಿ, ಆ ಕೊಳೆಯೂ ನೀರು ಹೀರದಂತೆ ಮಾಡುತ್ತದೆ. ಪಿಂಗಾಣಿಗೆ ಈ ಗುಣವಿಲ್ಲ. ಸತತ ತೇವದಲ್ಲಿ ಸಿಲಿಕೋನಿನ ಈ ಗುಣ ಕುಗ್ಗುತ್ತದೆ, ಒಣಗಿದರೆ ಮರಳುತ್ತದೆ.

ಎಡವಟ್ಟಾಗುವುದು ಕ್ರೀಪೇಜಿನಲ್ಲಿ, ಅಂದರೆ ಎರಡು ತುದಿಯ ಲೋಹದ ನಡುವೆ ಮೇಲ್ಮೈಗುಂಟ ಅಳೆದ ಉದ್ದದಲ್ಲಿ. 320 ಮಿಮೀ ಮಾಲು ಒಳನಾಡಿನ ಕಾರ್ಕಳಕ್ಕೆ ಸಾಕು. ಅಲೆಯ ತುಂತುರು ಮುಟ್ಟುವ ಜಾಗಕ್ಕೆ ಕೆವಿಗೆ 31 ಮಿಮೀ ಲೆಕ್ಕ. ಸಿಸ್ಟಮ್ಮಿನ ಗರಿಷ್ಠ ವೋಲ್ಟೇಜ್ 12 ಕೆವಿ ಹಿಡಿದರೆ 372 ಮಿಮೀ ಬೇಕು. ಕ್ಯಾಟಲಾಗ್ ನಂಬಬೇಡಿ: ಒಂದು ಕಡೆಯ ಲೋಹದಿಂದ ಇನ್ನೊಂದು ಕಡೆಯ ಲೋಹದವರೆಗೆ ಪ್ರತಿ ಶೆಡ್ಡಿನ (ಕೊಡೆಯಂಥ ರಬ್ಬರ್ ಅಂಚಿನ) ಮೇಲೂ ಕೆಳಗೂ ಪೇಪರ್ ಟೇಪ್ ಅಂಟಿಸಿ, ಬಿಚ್ಚಿ ಅಳೆಯಿರಿ. 372 ಸಿಗದಿದ್ದರೆ 22 ಕೆವಿಯದ್ದನ್ನೇ ಕೇಳಿ. ಡಿಪಿಯಲ್ಲಿ ಉದ್ದ ಹೆಚ್ಚಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಜಂಪರಿನ (ಜೋಡಣೆ ತಂತಿಯ) ಅಂತರ ಮಾತ್ರ ನೋಡಿಕೊಳ್ಳಿ.

ಕೊಳ್ಳುವಾಗ ಲೋಹದ ಫಿಟ್ಟಿಂಗ್ ಮತ್ತು ರಬ್ಬರ್ ಕೂಡುವ ಸೀಲನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಬಿರುಕಿದ್ದರೆ ನೀರು ಒಳಗಿನ ಗ್ಲಾಸ್ ಫೈಬರ್ ರಾಡಿಗೆ ತಲುಪುತ್ತದೆ. ಆಮ್ಲ ಹುಟ್ಟಿ ರಾಡ್ ಒಂದು ದಿನ ಕತ್ತರಿಸಿದಂತೆ ತುಂಡಾಗಿ ವೈರ್ ಕೆಳಗೆ ಬೀಳುತ್ತದೆ. ಆಮ್ಲ ತಡೆಯುವ ಇ-ಸಿಆರ್ ಗ್ಲಾಸ್ ರಾಡ್ ಎಂದು ಟೆಸ್ಟ್ ಸರ್ಟಿಫಿಕೇಟಿನಲ್ಲಿ ಬರೆದಿರಲಿ. ಶೆಡ್ ಹಿಡಿದು ಎತ್ತುವುದು, ಅದರ ಮೇಲೆ ಕಾಲಿಡುವುದು, ಕಟಿಂಗ್ ಪ್ಲೈಯರ್ ತಾಗಿಸುವುದು ಬೇಡ.

ನಮ್ಮ ಮಳೆಗೆ ಪಾಚಿ ಕಟ್ಟುವುದುಂಟು. ಲೈನ್ ಕ್ಲಿಯರ್ (ಕರೆಂಟ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದು, ಅರ್ಥ್ ಮಾಡಿದ ಮೇಲೆ ಮೆತ್ತನೆ ಬಟ್ಟೆ, ಸಿಹಿನೀರಿನಿಂದ ಒರೆಸಿ. ಸೀಮೆಎಣ್ಣೆ ಬೇಡ, ಕಡಲ ಬದಿಯ ಉಪ್ಪುಬಾವಿಯ ನೀರಂತೂ ಬೇಡವೇ ಬೇಡ. ಮರದ ಬೇರಿನಂಥ ಕರಿ ಗೆರೆ ಕಂಡರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಿ.