ಕನ್ನಡಕದ ಕಡ್ಡಿಗೆ ಸೋತ 28 ಸಾವಿರ

ಮೊದಲೇ ಹೇಳಿಬಿಡ್ತೀನಿ, ಸುತ್ತಲಿನ ಸದ್ದು ಅಡಗಿಸೋ (ನಾಯ್ಸ್ ಕ್ಯಾನ್ಸಲಿಂಗ್) ಮೂರು ಹೆಡ್‌ಫೋನುಗಳಲ್ಲಿ ಗೆದ್ದಿದ್ದು ಬೋಸ್ ಕ್ಯೂಸಿ45. ಅದೂ ಹೊಸದಲ್ಲ, ಆಫೀಸಿನವರೊಬ್ಬರು ಒಂದೂವರೆ ವರ್ಷ ಬಳಸಿ 13,000ಕ್ಕೆ ಕೊಟ್ಟಿದ್ದು. ಅದಕ್ಕೂ ಮುಂಚೆ 28,000 ಸುರಿದು ತಂದ ಇನ್ನೊಂದು ದೊಡ್ಡ ಕಂಪನಿಯ ಹೆಡ್‌ಫೋನ್ ನನ್ನ ತಲೆ ಮೇಲೆ ಎರಡು ತಿಂಗಳೂ ಬಾಳಲಿಲ್ಲ. ಮೂರನೆಯದು ತಮ್ಮನದು, 3,500 ರೂಪಾಯಿದು. ಅವನು ಊರಿಗೆ ಬಂದಾಗಲೆಲ್ಲ ಕಿತ್ತುಕೊಂಡು ಹಾಕಿ ನೋಡಿದೀನಿ. ದುಬಾರಿಯದರ ಹೆಸರು ಬೇಡ. ತಪ್ಪು ಅದರದ್ದೋ ನನ್ನ ತಲೆಯದ್ದೋ ಅನ್ನೋದು ನನಗೇ ಇನ್ನೂ ಇತ್ಯರ್ಥ ಆಗಿಲ್ಲ.

ವಾರಕ್ಕೆ ಎರಡು ದಿನ ಮೈಸೂರಿಂದ ಬೆಂಗಳೂರಿಗೆ ರೈಲು. ಮಿಕ್ಕ ದಿನ ಮನೆಯಲ್ಲೇ ಕೆಲಸ, ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕೊಯ್ಯೋ ಮೆಷಿನ್ನಿನ ಜೊತೆ. ದಿನಕ್ಕೆ ನಾಲ್ಕೈದು ಗಂಟೆ ಕಿವಿ ಮುಚ್ಚಿಕೊಂಡೇ ಇರ್ತೀನಿ. ಆ ಕಿವಿಗೆ ಓಲೆ ಇದೆ, ಕಿವಿಯ ಹಿಂದೆ ಕನ್ನಡಕದ ಕಡ್ಡಿ ಇದೆ, ನೆತ್ತಿ ಹಿಂದೆ ಕ್ಲಿಪ್ ಇದೆ. ಯೂಟ್ಯೂಬಿನಲ್ಲಿ ರಿವ್ಯೂ ಮಾಡೋ ಹುಡುಗರಿಗೆ ಈ ಮೂರೂ ಇರಲ್ಲ.

ಅಂಗಡಿಯಲ್ಲಿ ಆಗಿದ್ದು ಇಷ್ಟು. ಸೇಲ್ಸ್ ಹುಡುಗ ಆ 28 ಸಾವಿರದ ಹೆಡ್‌ಫೋನ್ ನನ್ನ ಕೈಗಿಟ್ಟ. ಕನ್ನಡಕ ತೆಗೆದು ಕೌಂಟರ್ ಮೇಲಿಟ್ಟು ಹಾಕಿಕೊಂಡೆ. ಯಾಕೆ ತೆಗೆದೆನೋ, ಟೋಪಿ ಹಾಕೋವಾಗಲೂ ಹಾಗೇ ಮಾಡ್ತೀನಿ. ಅವನು ಬಟನ್ ಒತ್ತಿದ ತಕ್ಷಣ ಏಸಿಯ ಗುಂಯ್ ಸದ್ದು ಮಾಯ. ಡೋಲಿನ ಏಟು ಎದೆಗೆ ತಾಕಿತು. ಹತ್ತೇ ನಿಮಿಷ, ಕಾರ್ಡ್ ಉಜ್ಜಿದೆ.

ಮೊದಲ ರೈಲು ಪ್ರಯಾಣ. ಶ್ರೀರಂಗಪಟ್ಟಣ ದಾಟೋವರೆಗೆ ಸುಖ. ಪಾಂಡವಪುರದ ಹೊತ್ತಿಗೆ ಬಲಗಿವಿಯ ಮೇಲೆ ಒಂದು ಸಣ್ಣ ಒತ್ತು. ಮಂಡ್ಯದಲ್ಲಿ ಅದು ನೋವಾಯಿತು: ಪ್ಯಾಡು ಕಡ್ಡಿಯನ್ನ ತಲೆಬುರುಡೆಗೆ ಒತ್ತುತ್ತಿತ್ತು, ಇಕ್ಕಳದಲ್ಲಿ ಹಿಡಿದ ಹಾಗೆ. ಚನ್ನಪಟ್ಟಣದಲ್ಲಿ ಹೆಡ್‌ಫೋನ್ ತೆಗೆದು ಕತ್ತಿಗೆ ನೇತುಹಾಕಿಕೊಂಡೆ. ರಾಮನಗರದಲ್ಲಿ ಇನ್ನೊಮ್ಮೆ ಪ್ರಯತ್ನ, ಬಿಡದಿಯಲ್ಲಿ ಶರಣಾಗತಿ. ಕೆಂಗೇರಿಯಲ್ಲಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿಕೊಂಡರೆ ಕಿವಿಯ ಮೇಲೆ ಕೆಂಪಗೆ ಗೆರೆ.

ನೋವಾದರೂ ಸಹಿಸಬಹುದಿತ್ತೇನೋ, ಆದರೆ ಸದ್ದೂ ಒಳಗೆ ಬರ್ತಾ ಇತ್ತು. ಅಂಗಡಿಯಲ್ಲಿ ಮಾಯವಾಗಿದ್ದ ಗುಂಯ್ ರೈಲಿನಲ್ಲಿ ಧಡಧಡ ಅಂತ ವಾಪಸ್ಸು, ಹಾಡಿನ ಬೇಸ್ ತೆಳ್ಳಗೆ ನೀರು ಮಜ್ಜಿಗೆ. ಪೀಸೇ ಸರಿ ಇಲ್ಲ ಅಂದುಕೊಂಡು ಸರ್ವಿಸ್ ಸೆಂಟರಿಗೆ ಎರಡು ಸಲ ಅಲೆದೆ. ಎರಡು ಸಲವೂ "ಸರಿಯಾಗೇ ಇದೆ ಮೇಡಂ" ಅಂದರು. ಅವರು ಹೇಳಿದ್ದು ನಿಜ. ಒಂದು ರಾತ್ರಿ ಮಲಗೋ ಮುಂಚೆ ಕನ್ನಡಕ ತೆಗೆದಿಟ್ಟು ಹಾಕಿಕೊಂಡಾಗ ಫ್ಯಾನಿನ ಸದ್ದು ಸ್ವಿಚ್ ಆರಿಸಿದ ಹಾಗೆ ನಿಂತುಹೋಯಿತು. ಕನ್ನಡಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಕಡ್ಡಿ ಇದ್ದಲ್ಲಿ ಪ್ಯಾಡಿಗೂ ಕೆನ್ನೆಗೂ ನಡುವೆ ಬೆಂಕಿಕಡ್ಡಿ ತೂರೋಷ್ಟು ಸಂದು. ಕೆಳಗಿನ ಸ್ಥಾಯಿಯ ಸದ್ದು ಒಳಗೆ ನುಗ್ಗೋಕೆ, ಹಾಡಿನ ಬೇಸ್ ಹೊರಗೆ ಸೋರೋಕೆ ಅಷ್ಟು ಸಾಕು. ಒಳಗಿರೋ ಮೈಕು ಸದ್ದು ಹಿಡಿದು, ಸ್ಪೀಕರು ಅದನ್ನ ಅಳಿಸೋ ಎದುರು ಅಲೆ ಎಷ್ಟೇ ಕಳಿಸಿದರೂ ಸೋರೋ ಕೊಡಕ್ಕೆ ನೀರು ಹೊಯ್ದ ಹಾಗೆ.

ಕ್ಯೂಸಿ45 ಇಲ್ಲಿ ಗೆದ್ದಿದ್ದು ತೂಕದಿಂದ ಅಲ್ಲ. ಅದು ಸುಮಾರು 240 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಇನ್ನೊಂದು ತೂಗಿದ್ದೂ ಹೆಚ್ಚುಕಮ್ಮಿ ಅಷ್ಟೇ. ಇದರ ಹಿಡಿತ ಸಡಿಲ, ಪ್ಯಾಡು ಚೆನ್ನಾಗಿ ಹಣ್ಣಾದ ಸಪೋಟದಷ್ಟು ಮೆತ್ತಗೆ, ಕಡ್ಡಿಯ ಸುತ್ತ ತಾನೇ ಬಾಗಿ ಕೂರುತ್ತೆ. ಕನ್ನಡಕ ಇದ್ದರೆ ಯಾವ ಹೆಡ್‌ಫೋನೂ ಪೂರ್ತಿ ಮುಚ್ಚಲ್ಲ, ಆದರೆ ಇದರಲ್ಲಿ ನನಗೆ ನಿದ್ದೆ ಬರುತ್ತೆ. ಮೊದಲನೇ ಸಲ ಹಾಕಿಕೊಂಡು ಹೋದಾಗ ಕಣ್ಣು ಬಿಟ್ಟಿದ್ದು ಕೆಂಗೇರಿಯಲ್ಲಿ. ದಪ್ಪ ಪ್ಲಾಸ್ಟಿಕ್ ಫ್ರೇಮ್ ಬದಲು ತೆಳು ಲೋಹದ ಕಡ್ಡಿಯ ಫ್ರೇಮ್ ಮಾಡಿಸಿದ ಮೇಲಂತೂ ಇನ್ನೂ ವಾಸಿ. ಹೆಡ್‌ಫೋನಿಗೋಸ್ಕರ ಕನ್ನಡಕ ಬದಲಾಯಿಸಿದವಳು ನಾನೊಬ್ಬಳೇ ಅಂತ ಅಮ್ಮನ ಅಭಿಪ್ರಾಯ.

ಮದ್ದೂರಿನಲ್ಲಿ ಬೋಗಿಗೆ ಹತ್ತೋ ವಡೆಯವರ ದನಿಯನ್ನ ಮಾತ್ರ ಮೂರರಲ್ಲಿ ಯಾವುದೂ ತಡೆಯಲಿಲ್ಲ. ಉಲ್ಟಾ, ಗಾಲಿ ಸದ್ದು ಫ್ಯಾನ್ ಸದ್ದು ಇಳಿದು "ವಡೆ ವಡೆ ವಡೇ" ಇನ್ನೂ ನಿಚ್ಚಳ. ಅದು ದೋಷ ಅಲ್ಲ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್‌ಗೆ ಸದ್ದನ್ನ ಎದುರು ಸದ್ದಿನಿಂದ ಅಡಗಿಸೋ ಈ ಯೋಚನೆ ಹೊಳೆದದ್ದು 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗ್ತಿದ್ದ ವಿಮಾನದಲ್ಲಿ. ಅವರ ಕಂಪನಿ 1989ರಲ್ಲಿ ಮೊದಲು ಮಾರಿದ್ದೂ ಪೈಲಟ್‌ಗಳ ಹೆಡ್‌ಸೆಟ್. ಎಡೆಬಿಡದೆ ಮೊರೆಯೋ ಎಂಜಿನ್ನಿಗೆ ಅಂತ ಹುಟ್ಟಿದ ವಿದ್ಯೆ, ಕುಕ್ಕರ್ ಸೀಟಿಗೂ ಮಾತಿಗೂ ಅಲ್ಲ. ಗ್ರಾನೈಟ್ ಮೆಷಿನ್ನಿನ ಕೀರಲು ಮೂರರಲ್ಲೂ ಕೇಳುತ್ತೆ.

ಧ್ವನಿಗೆ ನನ್ನ ಪರೀಕ್ಷೆ ಒಂದೇ: ಹಳೆಯ ವೀಣೆ ಕಛೇರಿ. ದುಬಾರಿಯದರಲ್ಲಿ, ಕನ್ನಡಕ ತೆಗೆದಾಗ, ಅನುಮಂದ್ರ (ಎಲ್ಲಕ್ಕಿಂತ ಕೆಳಗಿನ ಸ್ಥಾಯಿಯ) ತಂತಿ ಉಬ್ಬಿ ಉಬ್ಬಿ ಮೃದಂಗದ ಎಡಭಾಗದ ಜೊತೆ ಕಲಸಿಕೊಳ್ತಿತ್ತು. ಸಿನಿಮಾ ಹಾಡಿಗೆ ಅದೇ ಮಜಾ, ಒಪ್ಪಿದೆ. ಕ್ಯೂಸಿ45ರಲ್ಲಿ ಉಗುರು ತಂತಿಗೆ ತಾಕೋ ಮೀಟು, ಪಕ್ಕದ ತಾಳದ ತಂತಿಯ ಝಣ್, ಗಮಕದ ಕೊನೆಯ ಎಳೆ, ಎಲ್ಲಾ ಬೇರೆ ಬೇರೆ ಕೇಳುತ್ತೆ. ನನ್ನ ರುಚಿಗೆ ಮೇಲಿನ ಸ್ಥಾಯಿ ಒಂಚೂರು ಚುರುಕು, ಆ್ಯಪ್‌ನಲ್ಲಿ ಟ್ರೆಬಲ್ ಎರಡು ಮೆಟ್ಟಿಲು ಇಳಿಸಿಕೊಂಡಿದೀನಿ. ತಮ್ಮನದರ ಡಬ್ಬಿ ಮೇಲೆ ಎಲ್‌ಡಿಎಸಿ, ಹೈ-ರೆಸ್ ಅಂತ ಚಿನ್ನದ ಮುದ್ರೆ ಇದೆ, ಬ್ಲೂಟೂತ್‌ನಲ್ಲಿ ಹಾಡನ್ನ ಹೆಚ್ಚು ವಿವರದೊಂದಿಗೆ ಕಳಿಸೋ ವಿಧಾನ ಅಂತೆ. ಬೋಸ್‌ದರಲ್ಲಿ ಎಸ್‌ಬಿಸಿ, ಎಎಸಿ ಅನ್ನೋ ಮಾಮೂಲಿ ವಿಧಾನ ಬಿಟ್ಟು ಬೇರೆ ಇಲ್ಲ. ಆದರೂ ಹಾಡಿಲ್ಲದಾಗ ಸುಯ್ ಅನ್ನೋದು ಮುದ್ರೆ ಇರೋದೇ.

ಬ್ಯಾಟರಿ: ಮೂರೂ ಸಾಕು.

ಬಟನ್: ದುಬಾರಿಯದರಲ್ಲಿ ಇಲ್ಲ, ಬರೀ ಟಚ್. ದುಪಟ್ಟಾ ಸವರಿದರೆ ಹಾಡು ಬದಲು, ಕಿಟಕಿಗೆ ಒರಗಿದರೆ ವಾಲ್ಯೂಮ್ ಆಕಾಶಕ್ಕೆ. ಬೋಸ್‌ನಲ್ಲಿ ಒತ್ತೋ ಬಟನ್ನುಗಳಿವೆ, ತಡವಿದರೆ ಸಿಗುತ್ತವೆ.

ಮೀಟಿಂಗ್: ಮೈಕ್ ಆನ್ ಆದ ಕೂಡಲೇ ಮೂರರಲ್ಲೂ ಎದುರಿನವರ ದನಿ ಹಳೇ ಟೆಲಿಫೋನಿನ ಹಾಗೆ ಕುಗ್ಗುತ್ತೆ. ಮಾತು ಎರಡೂ ಕಡೆ ಹೋಗಬೇಕಾದಾಗ ಬ್ಲೂಟೂತ್ ಬೇರೆ ದಾರಿ ಹಿಡಿಯೋದರಿಂದ ಹಾಗೆ. ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಳ್ಳಿ, ಸರಿಹೋಗುತ್ತೆ.

ಸೆಕೆ ಮಾತ್ರ ಎಲ್ಲದರಲ್ಲೂ ಸೆಕೆಯೇ. ಏಪ್ರಿಲ್‌ನಲ್ಲಿ ಮಂಡ್ಯ ಸ್ಟೇಷನ್ನಿನಲ್ಲಿ ರೈಲು ಹತ್ತು ನಿಮಿಷ ನಿಂತರೆ ಕಿವಿಯಿಂದ ಬೆವರು ಒರೆಸಬೇಕು. ತಮ್ಮನದರ ಪ್ಯಾಡು ಈ ಬೆವರಿಗೇ ಸಿಪ್ಪೆ ಬಿಟ್ಟು, ಅವನ ಕಿವಿ ಸುತ್ತ ಕಾಡಿಗೆ ಮೆತ್ತಿದ ಹಾಗೆ ಕಪ್ಪು ಚೂರು.

3,500ಕ್ಕಿಂತ ಜಾಸ್ತಿ ಆಗಲ್ಲ ಅನ್ನೋರು ಅದನ್ನೇ ತಗೊಳ್ಳಿ, ಬಸ್ಸಿಗೆ ಸಾಕು. ಕನ್ನಡಕ ಇದ್ದು 13-15 ಸಾವಿರ ಇದ್ದರೆ ಹೊಸ ಮಾಡೆಲ್ ಬಿಟ್ಟು, ಹಳೆಯದಾದರೂ ಮೆತ್ತಗಿರೋದನ್ನ ಹುಡುಕಿ. ಸೆಕೆಂಡ್‌ಹ್ಯಾಂಡ್ ಆದರೆ ಪ್ಯಾಡು ಹೊಸದು ಹಾಕಿಸಿ. ಅಂಗಡಿಯಲ್ಲಿ ಕನ್ನಡಕ, ಓಲೆ ಹಾಕಿಕೊಂಡೇ ಅರ್ಧ ಗಂಟೆ ಕೂತು ನೋಡಿ. ಸೇಲ್ಸ್ ಹುಡುಗ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆ 28 ಸಾವಿರದ್ದು ಈಗ ಚಿಕ್ಕಮ್ಮನ ಮಗಳ ಹತ್ತಿರ ಇದೆ, 17,000ಕ್ಕೆ ಕೊಟ್ಟೆ. ಇಂಥ ಹೆಡ್‌ಫೋನ್ ಹುಟ್ಟಿದಾರಭ್ಯ ಕಂಡಿಲ್ಲ ಅಕ್ಕ, ಯಾಕೆ ಮಾರಿದೆ ಅಂತ ಪ್ರತಿ ಸಲ ಕೇಳ್ತಾಳೆ. ಅವಳಿಗೆ ಕನ್ನಡಕ ಇಲ್ಲ.