ಪತಂಗ ಗುರುತಿಸಲು ಫೋಟೋನಾ, ಡಿಎನ್‌ಎ ಬಾರ್‌ಕೋಡಾ?

ಅಟ್ಲಾಸ್ ಪತಂಗದಂಥ ದೊಡ್ಡದಾದರೆ ಫೋಟೋ ಸಾಕು. ಖರ್ಚಿಲ್ಲ, ಜೀವಕ್ಕೂ ತೊಂದರೆಯಿಲ್ಲ. ಜೀವಿಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ತಾಣಕ್ಕೆ ಹಾಕಿದರೆ ಜಾಗ, ದಿನಾಂಕದ ಸಮೇತ ನಕ್ಷೆಗೂ ಸೇರುತ್ತದೆ.

ಕಷ್ಟ ಇರುವುದು ಒಂದೇ ಥರ ಕಾಣುವ ಸಣ್ಣ ಕಂದು ಪತಂಗಗಳಲ್ಲಿ. ರೆಕ್ಕೆ ಸವೆದಿದ್ದರಂತೂ ಫೋಟೋ ಕೈಕೊಡುತ್ತದೆ. ಅಲ್ಲಿ ಬಾರ್‌ಕೋಡೇ, ಅಂದರೆ ಡಿಎನ್‌ಎಯ ಒಂದು ತುಣುಕು ಓದಿ ಜಾತಿ ಗುರುತಿಸುವುದೇ ಮೇಲು. ಒಣಗಿದ ಒಂದು ಕಾಲಿದ್ದರೂ ಆಯಿತು. ಸಿಒಐ ಎಂಬ ಜೀನ್‌ನ ಸುಮಾರು 658 ಡಿಎನ್‌ಎ ಅಕ್ಷರ ಓದಿ, ಬೋಲ್ಡ್ ಎಂಬ ಜಾಗತಿಕ ಬಾರ್‌ಕೋಡ್ ಸಂಗ್ರಹದ ಜೊತೆ ಹೋಲಿಸುತ್ತಾರೆ. ಕಂಬಳಿಹುಳು ಯಾವ ಪತಂಗದ್ದು ಅಂತಲೂ ತಿಳಿಯುತ್ತದೆ, ಎಷ್ಟು ಚೆಂದ ಅಲ್ವಾ! ಆದರೆ ಆ ಜಾತಿ ಸಂಗ್ರಹದಲ್ಲೇ ಇಲ್ಲದಿದ್ದರೆ ಹೆಸರು ಸಿಗುವುದಿಲ್ಲ. ದುಡ್ಡೂ ಜಾಸ್ತಿ.

ಮನೆಯಂಗಳದ ಪಟ್ಟಿಗೆ ಫೋಟೋ ಸಾಕು. ಪಶ್ಚಿಮ ಘಟ್ಟದ ಸಮೀಕ್ಷೆಗೆ ಎರಡೂ ಬೇಕು. ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಕಾಲನ್ನು ಲ್ಯಾಬಿಗೆ ಕಳಿಸಿದ ಮೇಲೆ ಉಳಿದ ಪತಂಗವನ್ನು ಚೀಟಿ ಸಮೇತ ಜೋಪಾನವಾಗಿಡಿ.