ಕಲ್ಯಾಣ ಮಂಟಪಕ್ಕೆ ಯಾವ ವಾಕಿಟಾಕಿ? ಮೂರು ಬಗೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ಪರವಾನಗಿ ಬೇಡದ, ಅರ್ಧ ವ್ಯಾಟ್ ಶಕ್ತಿಯ, 446 ಮೆಗಾಹರ್ಟ್ಸ್ ತರಂಗಾಂತರದ ಸೆಟ್‌ಗೆ. ಮಂಡ್ಯದ ಹೊರವಲಯದಲ್ಲಿರುವ ನಮ್ಮ ಕಲ್ಯಾಣ ಮಂಟಪದಲ್ಲಿ ಈಗ ಓಡುತ್ತಿರುವುದು ಅದೇ. ಇದಕ್ಕೂ ಮುನ್ನ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಐದು ವ್ಯಾಟ್ ಸೆಟ್‌ಗಳಿದ್ದವು. ಅವನ್ನು ತಂದವರು ಮಂಟಪದಲ್ಲಿ ಪಾಲುದಾರರಾಗಿರುವ ನಮ್ಮ ಭಾವ. ನಡುವೆ ಒಂದು ಮದುವೆ ಹಂಗಾಮಿಗೆ ಸಿಮ್ ಹಾಕುವ, ಮೊಬೈಲ್ ಜಾಲದ ಮೇಲೆ ಓಡುವ ಸೆಟ್‌ಗಳನ್ನು ಬಾಡಿಗೆಗೆ ತಂದು ನೋಡಿದೆವು. ಮೂರೂ ಒಂದೇ ಕಟ್ಟಡದಲ್ಲಿ, ಹೆಚ್ಚುಕಡಿಮೆ ಒಂದೇ ಜನರ ಕೈಯಲ್ಲಿ ಓಡಾಡಿವೆ.

ಮಂಟಪಕ್ಕೆ ವಾಕಿಟಾಕಿ ಯಾಕೆ, ಎಲ್ಲರ ಹತ್ತಿರವೂ ಮೊಬೈಲ್ ಇದೆಯಲ್ಲ ಎಂದು ಕೇಳುವವರು ಬೀಗರ ಊಟ ಬಡಿಸಿದವರಲ್ಲ. ಎಲೆ ಹಾಕಿ ಜನ ಕೂತ ಮೇಲೆ ಮುದ್ದೆ ಬಿಸಿಯಾಗಿ ಬರಬೇಕು. ಹತ್ತು ನಿಮಿಷ ಮೊದಲು ಕಟ್ಟಿದರೆ ಮೇಲೆ ಹೊಪ್ಪಳೆ ಕಟ್ಟುತ್ತದೆ, ತಡವಾಗಿ ಕಟ್ಟಿದರೆ ಬೀಗರು ಖಾಲಿ ಎಲೆ ನೋಡುತ್ತಾ ಕೂರುತ್ತಾರೆ. ನಮ್ಮ ಅಡುಗೆಮನೆ ನೆಲಮಾಳಿಗೆಯಲ್ಲಿದೆ, ಊಟದ ಹಾಲ್ ಎರಡು ಅಂತಸ್ತಿನಲ್ಲಿದೆ, ವಾಹನ ನಿಲ್ಲಿಸುವ ಜಾಗ ರಸ್ತೆಯಾಚೆಗಿದೆ. ಮುದ್ದೆ ಕಟ್ಟುವವನ ಎರಡೂ ಕೈಗೆ ಹಿಟ್ಟು ಮೆತ್ತಿರುವಾಗ ಮೊಬೈಲ್ ಎತ್ತುವವರು ಯಾರು? ಮೇಜಿನ ಮೇಲೆ ನಿಲ್ಲಿಸಿದ ಸೆಟ್ ತಾನಾಗಿಯೇ ಮಾತಾಡುತ್ತದೆ, ಒಮ್ಮೆ ಹೇಳಿದ್ದು ಐದು ಜನಕ್ಕೆ ಕೇಳುತ್ತದೆ. ನಮಗೆ ಬೇಕಾಗಿದ್ದು ಅಷ್ಟೇ.

ಅಗ್ಗದ ಸೆಟ್‌ಗಳ ದೂರದ ಬಗ್ಗೆ ನನ್ನ ತಕರಾರಿಲ್ಲ. ನೆಲಮಾಳಿಗೆಯಿಂದ ಜನರೇಟರ್ ಕೋಣೆಗೆ, ಅಲ್ಲಿಂದ ರಸ್ತೆಯಾಚೆಗೆ ಸದ್ದು ದಪ್ಪವಾಗಿಯೇ ಬರುತ್ತಿತ್ತು. ತಕರಾರು ಇರುವುದು ಬೇರೆಯವರ ಮಾತಿನ ಬಗ್ಗೆ.

ಈ ಬಗೆಯ ಸೆಟ್‌ಗಳು ಕಾರ್ಖಾನೆಯಿಂದ ಬರುವಾಗ ಒಂದೇ ಮಾದರಿಯ ಎಲ್ಲ ಸೆಟ್‌ಗಳಲ್ಲೂ ಅದೇ ಹದಿನಾರು ಚಾನೆಲ್‌ಗಳನ್ನು ತುಂಬಿಕೊಂಡು ಬರುತ್ತವೆ. ಪೆಟ್ಟಿಗೆ ಒಡೆದು ಬಳಸಲು ಶುರು ಮಾಡಿದವರೆಲ್ಲ ಒಂದನೆಯ ಚಾನೆಲ್‌ನಲ್ಲೇ ಇರುತ್ತಾರೆ. ನಮ್ಮ ಹತ್ತಿರದಲ್ಲೇ ಒಂದು ಬಡಾವಣೆಯ ಕಾಮಗಾರಿ ನಡೆಯುತ್ತಿತ್ತು. ಅಲ್ಲಿನ ಕಾವಲುಗಾರರ ಕೈಯಲ್ಲೂ ಇದೇ ಸೆಟ್. ಪಂಕ್ತಿ ಕೂರುವ ಹೊತ್ತಿಗೆ ಅಡುಗೆಮನೆಯಲ್ಲಿ ‘ಜಲ್ಲಿ ಲಾರಿ ಬಂತು, ಗೇಟ್ ತೆಗೆಯಿರಿ’ ಎಂಬ ಕೂಗು. ಅತ್ತ ಅವರಿಗೆ ನಮ್ಮ ಪಲ್ಯ, ಪಾಯಸದ ಲೆಕ್ಕವೆಲ್ಲ ಕೇಳುತ್ತಿತ್ತು. ಒಂದು ದಿನ ಅಲ್ಲಿಂದಲೇ ಯಾರೋ ‘ಅಣ್ಣಾ, ನಮಗೂ ನಾಲ್ಕು ಎಲೆ ಹಾಕಿಸಿ’ ಎಂದರು. ಆ ದಿನ ನಗು ಬಂತು.

ಮುಂದಿನ ಮದುವೆಯಲ್ಲಿ ನಗು ಬರಲಿಲ್ಲ. ಈ ಸೆಟ್‌ಗಳಂಥ ಎಫ್‌ಎಂ ವಿಧಾನದ ರೇಡಿಯೋದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಬೆರೆತು ಕೇಳುವುದಿಲ್ಲ, ಜೋರಾಗಿ ತಲುಪಿದ ಅಲೆ ಗೆಲ್ಲುತ್ತದೆ, ಇನ್ನೊಂದು ಅಡಗಿಹೋಗುತ್ತದೆ. ಹಾಗಾಗಿ ಮೇಲಿನ ಹಾಲ್‌ನಿಂದ ನಮ್ಮವರು ಸಾರು ಕೇಳಿದರೆ ವಾಹನ ನಿಲ್ಲಿಸುವ ಜಾಗದಲ್ಲಿದ್ದವನಿಗೆ ಕೇಳುತ್ತಿದ್ದುದು ಜಲ್ಲಿ ಲಾರಿ. ಚಾನೆಲ್ ಬದಲಿಸಿದೆವು. ಹೊಸ ಚಾನೆಲ್‌ನಲ್ಲಿ ಇನ್ಯಾರದೋ ಸೆಕ್ಯುರಿಟಿ. ಸೆಟ್‌ಗೆ ಪರದೆ ಇಲ್ಲ, ತಲೆಯ ಮೇಲಿನ ತಿರುಗುಗುಂಡಿ ಮಾತ್ರ. ಗುಂಡಿ ಜೇಬಿನಲ್ಲಿ ಉಜ್ಜಿ ತಾನಾಗಿಯೇ ತಿರುಗಿದರೆ ಆ ಮನುಷ್ಯ ನಮ್ಮ ಲೋಕದಿಂದಲೇ ಮಾಯ. ಕೊನೆಗೆ ಅಡುಗೆ ಮೇಸ್ತ್ರಿ ಸೆಟ್ ಆಫ್ ಮಾಡಿ ಅಕ್ಕಿ ಮೂಟೆಯ ಮೇಲಿಟ್ಟು, ‘ಸ್ವಾಮಿ, ಹುಡುಗನೊಬ್ಬನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, ಅವನೇ ವಾಸಿ’ ಎಂದರು.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಮಾತಿನ ಜೊತೆಗೆ ಕಿವಿಗೆ ಬೀಳದ ಒಂದು ಸಣ್ಣ ಸ್ವರವನ್ನು ಸೆಟ್ ಕಳಿಸುತ್ತದೆ. 67 ಹರ್ಟ್ಸ್‌ನಿಂದ 250 ಹರ್ಟ್ಸ್‌ವರೆಗಿನ ಪಟ್ಟಿಯಿಂದ ಒಂದನ್ನು ಆರಿಸಿಕೊಂಡರೆ, ಅದೇ ಸ್ವರ ಹೊತ್ತು ಬಂದ ಮಾತಿಗೆ ಮಾತ್ರ ನಮ್ಮ ಸ್ಪೀಕರ್ ಬಾಯಿ ಬಿಡುತ್ತದೆ. ಪೆಟ್ಟಿಗೆಯ ಮೇಲೆ ಇದನ್ನು ಪ್ರೈವೆಸಿ ಕೋಡ್ ಎಂದು ಬರೆದಿರುತ್ತಾರೆ. ಗುಟ್ಟು ಅದರಲ್ಲಿ ಏನೂ ಇಲ್ಲ: ನಮ್ಮ ಮಾತು ಬೇರೆಯವರಿಗೆ ಕೇಳುತ್ತಲೇ ಇರುತ್ತದೆ, ಅವರ ಮಾತು ನಮಗೆ ಕೇಳುವುದಿಲ್ಲ, ಅಷ್ಟೇ. ಚಾನೆಲ್ ಮಾತ್ರ ಆಗಲೂ ಅವರಿಂದ ತುಂಬಿರುತ್ತದೆ. ಅಗ್ಗದ ಸೆಟ್‌ನಲ್ಲಿ ಈ ಸ್ವರ ಬದಲಿಸಲು ಕೇಬಲ್ ಬೇಕು, ಕಂಪ್ಯೂಟರ್ ಬೇಕು, ತಂತ್ರಾಂಶ ಬೇಕು. ಮೈಸೂರಿನ ಒಂದು ಅಂಗಡಿಗೆ ಒಯ್ದು ಕೊಟ್ಟರೆ ಎಲ್ಲ ಸೆಟ್‌ಗಳಿಗೂ ಸ್ವರ ಹಾಕಿ, ಒಂದನ್ನು ಮಾತ್ರ ಮರೆತು ವಾಪಸ್ ಕೊಟ್ಟರು. ಆ ಒಂದು ಮುಹೂರ್ತದ ದಿನ ಯಾರ ಕೈಗೆ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

446ರ ಸೆಟ್‌ನಲ್ಲೂ ಜಾಗ ಹಂಚಿಕೊಂಡೇ ಬದುಕಬೇಕು. 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಇಷ್ಟೇ ಇಷ್ಟು ಅಗಲ, 12.5 ಕಿಲೋಹರ್ಟ್ಸ್‌ನಂತೆ ಸೀಳಿದರೆ 16 ಚಾನೆಲ್. ಯಾವುದೂ ಯಾರ ಸ್ವತ್ತೂ ಅಲ್ಲ. ಆದರೆ ಸಣ್ಣದೊಂದು ಪರದೆ ಇದೆ, ಎರಡು ಗುಂಡಿ ಒತ್ತಿದರೆ ಚಾನೆಲ್ಲೂ ಸ್ವರವೂ ಬದಲಾಗುತ್ತವೆ, ಕೀ ಲಾಕ್ ಮಾಡಿಟ್ಟರೆ ಜೇಬಿನಲ್ಲಿ ಬದಲಾಗುವುದಿಲ್ಲ. ಬೆಳಿಗ್ಗೆ ಒಲೆ ಹಚ್ಚುವಾಗ, ಸ್ವರ ಯಾವುದೇ ಇರಲಿ ಎಲ್ಲರ ಮಾತನ್ನೂ ಕೇಳಿಸುವ ಮಾನಿಟರ್ ಗುಂಡಿ ಒತ್ತಿ ಖಾಲಿ ಚಾನೆಲ್ ಯಾವುದೆಂದು ಕೇಳಿ ನೋಡುತ್ತೇನೆ, ಎಲ್ಲ ಸೆಟ್‌ಗಳನ್ನೂ ಅದಕ್ಕೆ ತಿರುಗಿಸುತ್ತೇನೆ. ಶಕ್ತಿ ಕಡಿಮೆ ಇರುವುದೂ ಇಲ್ಲಿ ಅನುಕೂಲವೇ, ನೆರೆಯವರ ಮಾತು ನಮ್ಮವರೆಗೆ ಬರುವಷ್ಟು ಬಲ ಅದಕ್ಕಿಲ್ಲ.

ಅರ್ಧ ವ್ಯಾಟ್ ಸಾಕೇ ಎಂಬುದು ಭಾವನ ಪ್ರಶ್ನೆ. ಹತ್ತು ಪಟ್ಟು ಶಕ್ತಿಗೆ ಹತ್ತು ಪಟ್ಟು ದೂರ ಸಿಗುವುದಿಲ್ಲ. ಅಡ್ಡಿಯೇ ಇಲ್ಲದ ಬಯಲಿನಲ್ಲೂ ಲೆಕ್ಕದ ಪ್ರಕಾರ ಮೂರು ಪಟ್ಟು ಚಿಲ್ಲರೆ, ಕಾಂಕ್ರೀಟ್ ಕಟ್ಟಡದೊಳಗೆ ಅದಕ್ಕಿಂತ ಕಡಿಮೆ. ನಮ್ಮ ನೆಲಮಾಳಿಗೆಯಲ್ಲಿ ಒಲೆಗಳ ಹಿಂದಿನ ಮೂಲೆಯಲ್ಲಿ ಮಾತು ಕರಕರ ಎನ್ನುತ್ತದೆ, ನಿಜ. ಸೆಟ್ ಅನ್ನು ಮೆಟ್ಟಿಲ ಕಡೆಯ ಕಂಬಕ್ಕೆ ನೇತುಹಾಕಿದ ಮೇಲೆ ಸರಿಹೋಯಿತು. ಪೆಟ್ಟಿಗೆಯ ಮೇಲೆ ಬರೆದ ಕಿಲೋಮೀಟರ್‌ಗಳನ್ನು ನಂಬಿ ಕಬ್ಬಿನ ಗದ್ದೆಯ ಆಚೆ ತುದಿಯಲ್ಲಿ ಪಂಪ್ ಹಾಕಿಸುತ್ತೇನೆಂದು ಹೊರಟವರಿಗೆ ಈ ಸೆಟ್ ಆಗುವುದಿಲ್ಲ.

ಸಿಮ್ ಸೆಟ್‌ನ ಗುಣ ದೂರ. ಮೈಸೂರಿನಿಂದ ಹೊರಟ ದಿಬ್ಬಣದ ಬಸ್ ಹೆದ್ದಾರಿಯಿಂದ ಮಂಡ್ಯಕ್ಕೆ ಇಳಿಯುವ ದಾರಿ ತಪ್ಪಿ ಮುಂದೆ ಹೋದರೆ, ಡ್ರೈವರ್ ಪಕ್ಕದಲ್ಲಿ ಕೂತ ನಮ್ಮ ಹುಡುಗನೊಂದಿಗೆ ಮಂಟಪದಿಂದಲೇ ಮಾತಾಡಬಹುದು. ಆದರೆ ಗುಂಡಿ ಒತ್ತಿ ಮಾತು ಆಚೆ ತಲುಪಲು ಕ್ಷಣಕಾಲ ಕಾಯಬೇಕು, ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ, ತಾಳಿ ಕಟ್ಟುವ ಹೊತ್ತಿಗೆ ನೆರೆದವರೆಲ್ಲ ವಿಡಿಯೋ ಕಳಿಸಲು ಶುರು ಮಾಡಿದರೆ ಮೇಲೂ ಎಳೆದಾಡುತ್ತದೆ. ಜೊತೆಗೆ ಪ್ರತಿ ಸೆಟ್‌ಗೂ ಬಾಡಿಗೆ. ಆಷಾಢದಲ್ಲಿ ಮದುವೆಯೇ ಇಲ್ಲ, ಮಂಟಪಕ್ಕೆ ಬೀಗ. ಬೀಗ ಹಾಕಿದ ಕಟ್ಟಡದ ಸೆಟ್‌ಗೆ ಹಣ ಕಟ್ಟುವ ಮನಸ್ಸು ನನಗಿಲ್ಲ.

ಇನ್ನು ಕಾನೂನು. ಅಗ್ಗದ ಸೆಟ್‌ಗಳು ಓಡುವ 400–470 ಮೆಗಾಹರ್ಟ್ಸ್‌ನ ಬಹುಭಾಗ ಪರವಾನಗಿ ಇದ್ದವರಿಗೆ ಹಂಚಿದ ಜಾಗ. 446ರ ಸಣ್ಣ ಪಟ್ಟಿಗೆ ಮಾತ್ರ 2018ರ ನಿಯಮಗಳ ಪ್ರಕಾರ ವಿನಾಯಿತಿ. ಅದೂ ಕಡಿಮೆ ಶಕ್ತಿಯ, ದೂರಸಂಪರ್ಕ ಇಲಾಖೆಯ ಸಲಕರಣೆ ಅನುಮೋದನೆ, ಅಂದರೆ ಇಟಿಎ, ಪಡೆದ ಸೆಟ್‌ಗೆ. ‘ಐದು ವ್ಯಾಟ್ ಸೆಟ್ಟನ್ನೇ 446ಕ್ಕೆ ತಿರುಗಿಸಿಕೊಳ್ಳಿ’ ಎಂಬ ಸಲಹೆ ಅದಕ್ಕೇ ಸಲ್ಲದು. ‘ಹ್ಯಾಮ್ ಪರೀಕ್ಷೆ ಬರೆದುಬಿಡಿ’ ಎಂಬುದೂ ಸಲ್ಲದು, ಹವ್ಯಾಸಿ ರೇಡಿಯೋಗೆ ಕೊಡುವ ಆ ಪರವಾನಗಿ ವ್ಯಾಪಾರದ ಮಾತಿಗಲ್ಲ. ಆನ್‌ಲೈನ್ ಮಾರಾಟದ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿದೆ. ತರಂಗಾಂತರ ಎಷ್ಟು, ಪರವಾನಗಿ ಬೇಕೋ ಬೇಡವೋ ಎಂಬುದು ಪುಟದಲ್ಲೇ ಕಾಣಬೇಕು, ಕಾಣದಿದ್ದರೆ ಕೊಳ್ಳಬೇಡಿ.

ಉಳಿದ ಸಂಗತಿಗಳು ಚಿಕ್ಕವು. ಬ್ಯಾಟರಿ ಇಷ್ಟು ಗಂಟೆ ಎಂದು ಬರೆಯುವ ಲೆಕ್ಕ ಸಾಮಾನ್ಯವಾಗಿ ನೂರಕ್ಕೆ ಐದು ಪಾಲು ಮಾತು, ಐದು ಪಾಲು ಕೇಳುವುದು, ಉಳಿದ ತೊಂಬತ್ತು ಸುಮ್ಮನಿರುವುದು ಎಂಬ ಅಂದಾಜಿನದು. ಅಡುಗೆಮನೆಯಲ್ಲಿ ಯಾರೂ ಅಷ್ಟು ಸುಮ್ಮನಿರುವುದಿಲ್ಲ. ಗುಂಡಿ ಒತ್ತದೆ ದನಿಗೇ ಶುರುವಾಗುವ ವಾಕ್ಸ್ ಸೌಲಭ್ಯವನ್ನು ಆಫ್ ಮಾಡಿಡಿ, ಸೌಟು ಬಾಣಲೆಗೆ ತಾಗಿದರೂ ಅದು ಪ್ರಸಾರ ಮಾಡುತ್ತದೆ. ಮುಯ್ಯಿ ಎಷ್ಟಾಯಿತು ಎಂಬ ಮಾತು ಯಾವ ಸೆಟ್‌ನಲ್ಲೂ ಬೇಡ. ಸ್ವರ ಹಾಕಿದ ಸೆಟ್‌ಗಳಲ್ಲಿ ಮಾತಿನ ಮೊದಲ ತುಣುಕು ನುಂಗಿಹೋಗುತ್ತದೆ: ‘ಕೆಳಗಿನ ಪಂಕ್ತಿಗೆ ಪಲ್ಯ’ ಎಂದಿದ್ದು ‘ಪಂಕ್ತಿಗೆ ಪಲ್ಯ’ ಎಂದಷ್ಟೇ ಕೇಳಿ ಬಕೆಟ್ ಮೇಲಕ್ಕೆ ಹೋಗುತ್ತದೆ. ಗುಂಡಿ ಒತ್ತಿ, ಉಸಿರೆಳೆದುಕೊಂಡು, ಆಮೇಲೆ ಮಾತಾಡಿ ಎಂದು ಹುಡುಗರಿಗೆ ಕಲಿಸಿದ್ದೇವೆ.

ಬೆಲೆ? ಅಗ್ಗದ ಒಂದು ಜೋಡಿಯ ಹಣಕ್ಕೆ ನಮಗೆ ಅನುಮೋದನೆ ಇರುವ ಒಂದು ಸೆಟ್ ಬಂತು. ಆದ್ದರಿಂದ ಎಲ್ಲರಿಗೂ ಕೊಡಲಿಲ್ಲ. ಅಡುಗೆಮನೆಗೆ ಒಂದು, ಎರಡು ಊಟದ ಹಾಲ್‌ಗೆ ಒಂದೊಂದು, ವಾಹನ ನಿಲ್ಲಿಸುವಲ್ಲಿ ಒಂದು, ನನ್ನ ಬಳಿ ಒಂದು. ಭಾವ ಆರನೆಯದನ್ನು ಕೇಳುತ್ತಿದ್ದಾರೆ. ಆ ಹಣಕ್ಕೆ ಎರಡು ಹೆಚ್ಚುವರಿ ಬ್ಯಾಟರಿ, ಅಡುಗೆ ಮೇಸ್ತ್ರಿಯ ಹೆಗಲಿಗೆ ಸಿಕ್ಕಿಸುವ ಒಂದು ಸ್ಪೀಕರ್ ಮೈಕ್ ತರಿಸುವುದು ಎಂದು ನಾನು ಹೇಳಿದ್ದೇನೆ.